ಮನೆಗಾಡಿಯ ಜೀರ್ಣೋದ್ಧಾರ

ಮಠದ ಪಾಠಶಾಲೆಯಲ್ಲಿ ಓಲೆಗರಿಗಳ ನಡುವೆ ಬೆಳೆದ ನಾವು ಕೊಳೆತ ಮರವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕ ಬಂಧುಗಳಿಗೆ ಸೋಜಿಗವೆನಿಸಬಹುದು. ೨೦೨೨ನೆಯ ಇಸವಿಯ ಮೇ ತಿಂಗಳಿನಿಂದ ನವೆಂಬರ್ ಮೊದಲ ವಾರದವರೆಗೆ ನಾವು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ತಮ್ಮನ ಮಗನ ಮನೆಯಲ್ಲಿದ್ದೆವು. ಅಲ್ಲಿಯ ಗ್ರಂಥಾಲಯಗಳನ್ನು ನೋಡಬೇಕೆಂದು ಹೋದವರು ಬಹುಪಾಲು ದಿನಗಳನ್ನು ಟಾರ್ಚು ಹಿಡಿದು ಒಂದು ಹಳೆಯ ಗಾಡಿಯ ಒಳಗೂ ಅಡಿಯಲ್ಲೂ ಕಳೆದೆವು. ಈ ಪತ್ರಿಕೆ ತಲುಪುವ ಎಷ್ಟೋ ಮನೆಗಳ ಮಕ್ಕಳು ಇಂದು ಇಂಗ್ಲೆಂಡ್, ಆಸ್ಟ್ರೇಲಿಯ ಮೊದಲಾದ ಕಡೆಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಯಾರಾದರೂ ಇಂಥ ಗಾಡಿಯನ್ನು ಕೊಳ್ಳುವ ವಿಚಾರದಲ್ಲಿದ್ದರೆ ನಮ್ಮ ಆರು ತಿಂಗಳ ಅನುಭವ ಅವರ ಕೈಗೆ ಸಿಗಲೆಂದು ಇದನ್ನು ಬರೆಯುತ್ತಿದ್ದೇವೆ.

ಮೋಟಾರ್‌ಹೋಮ್ ಎಂದು ಅಲ್ಲಿಯವರು ಕರೆಯುವುದನ್ನು ನಾವು ಮನೆಗಾಡಿ ಎನ್ನೋಣ. ವ್ಯಾನಿನ ಚೌಕಟ್ಟಿನ ಮೇಲೆ ಒಂದು ಕೋಣೆಯನ್ನು ಕೂರಿಸಿ, ಅದರಲ್ಲಿ ಒಲೆ, ನೀರಿನ ತೊಟ್ಟಿ, ಮಂಚ, ಶೌಚಾಲಯ ಎಲ್ಲವನ್ನೂ ಅಳವಡಿಸಿರುತ್ತಾರೆ. ನಮ್ಮ ಹಿರಿಯರು ಕೊಲ್ಲಾರಿ ಬಂಡಿಯಲ್ಲಿ ಅಕ್ಕಿ ಬೇಳೆ, ಪಾತ್ರೆ ಪಡಗ ತುಂಬಿಕೊಂಡು ಜಾತ್ರೆಗೆ ಹೋಗುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ ಏರ್ಪಾಡು. ತಮ್ಮನ ಮಗನಿಗೆ ಅದು ಬೇಕಾದದ್ದೂ ಅದೇ ಕಾರಣಕ್ಕೆ. ಅವನ ತಾಯಿಗೆ ಮೊಣಕಾಲು ನೋವು; ಹೋಟೆಲುಗಳ ಮಹಡಿ ಮೆಟ್ಟಿಲು ಹತ್ತಲಾರರು, ಹೊರಗಿನ ಅಡುಗೆಯನ್ನು ಮುಟ್ಟಲಾರರು. ಪತಿಯನ್ನು ಕಳೆದುಕೊಂಡು ಮಗನ ಬಳಿಗೆ ಬಂದ ಮೇಲೆ ಅವರು ಮನೆಯ ನಾಲ್ಕು ಗೋಡೆಗಳಾಚೆ ಕಂಡದ್ದು ಅತ್ಯಲ್ಪ. ತಾಯಿಗೆ ಒಮ್ಮೆ ಸಮುದ್ರ ತೋರಿಸಬೇಕೆಂಬ ಹಂಬಲದಿಂದ ಹುಡುಗನು ಎರಡು ವರ್ಷಗಳ ಉಳಿತಾಯವನ್ನು ಸುರಿದು, ೨೦೦೧ರಲ್ಲಿ ತಯಾರಾದ ಗಾಡಿಯೊಂದನ್ನು ಖಾಸಗಿ ವ್ಯಕ್ತಿಯೊಬ್ಬರಿಂದ ಕೊಂಡನು. ನಾವು ಅಲ್ಲಿಗೆ ತಲುಪುವ ವೇಳೆಗೆ ಅದು ಮನೆಯ ಮುಂದೆ ಬಂದು ನಿಂತಿತ್ತು.

ಗಾಡಿಯೊಳಗೆ ಕಾಲಿಟ್ಟ ಕ್ಷಣದಲ್ಲೇ ಅವನ ಪತ್ನಿ, "ಇದರಲ್ಲಿ ಹಸಿ ಗೋಣಿಚೀಲದ ವಾಸನೆ ಬರುತ್ತಿದೆ" ಎಂದಿದ್ದಳಂತೆ. ಬಹುಕಾಲ ಮುಚ್ಚಿಟ್ಟ ಗಾಡಿ, ಕಿಟಕಿ ತೆರೆದರೆ ಹೋಗುತ್ತದೆ ಎಂದು ಮಾರಿದವರು ಹೇಳಿದರು, ಹುಡುಗ ನಂಬಿದ. ಬಾಗಿಲ ಬಳಿ ನೆಲವು ಕಾಲಿಗೆ ಸ್ವಲ್ಪ ಮೆತ್ತಗಾಗುತ್ತಿತ್ತು. ಮುಂಭಾಗದಲ್ಲಿ, ಚಾಲಕನ ತಲೆಯ ಮೇಲೆ ಮುಂದಕ್ಕೆ ಚಾಚಿದ ಅಟ್ಟದಲ್ಲಿ ಮಕ್ಕಳಿಬ್ಬರ ಹಾಸಿಗೆ. ಅದರ ಗೋಡೆಗೆ ಹೊಚ್ಚ ಹೊಸ ಕಾಗದವನ್ನು ಅಂಟಿಸಲಾಗಿತ್ತು. ಗಾಡಿಯ ಉಳಿದೆಡೆ ಇಪ್ಪತ್ತು ವರ್ಷದ ಹಳೆಯ ಕಾಗದವಿದ್ದು, ಅಲ್ಲಿ ಮಾತ್ರ ಹೊಸದೇಕೆ ಎಂದು ಯಾರೂ ಕೇಳಲಿಲ್ಲ. ಆ ಒಂದು ಪ್ರಶ್ನೆಯನ್ನು ಕೇಳಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ.

ಇಂಥ ಗಾಡಿಗಳ ಗೋಡೆಯ ರಚನೆಯನ್ನು ಮೊದಲು ತಿಳಿದುಕೊಳ್ಳಬೇಕು. ಹೊರಗೆ ತೆಳುವಾದ ಅಲ್ಯೂಮಿನಿಯಂ ತಗಡು. ಒಳಗೆ ಸುಮಾರು ೩ ಮಿಲಿಮೀಟರ್ ದಪ್ಪದ ಪ್ಲೈವುಡ್. ಇವೆರಡರ ನಡುವೆ ಒಂದಂಗುಲದಷ್ಟು ಜಾಗದಲ್ಲಿ ಪೈನ್ ಜಾತಿಯ ಮೆದುಮರದ ರೀಪುಗಳ ಚೌಕಟ್ಟು. ರೀಪುಗಳ ನಡುವಿನ ಖಾಲಿ ಸ್ಥಳಕ್ಕೆ ಥರ್ಮೋಕೋಲ್ ತುಂಬಿರುತ್ತಾರೆ. ನೆಲವೂ ಹಾಗೆಯೇ, ಎರಡು ಪ್ಲೈವುಡ್ ಹಾಳೆಗಳ ನಡುವೆ ಥರ್ಮೋಕೋಲ್. ಹಗುರವಾಗಿರಬೇಕೆಂಬ ಕಾರಣಕ್ಕೆ ಹೀಗೆ ಕಟ್ಟುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ತಯಾರಕರು ಮರವನ್ನು ಬಿಟ್ಟು ಪಾಲಿಯುರಿಥೇನ್ ಮೊದಲಾದ ವಸ್ತುಗಳಿಂದ ಚೌಕಟ್ಟು ಮಾಡುತ್ತಿದ್ದಾರೆ. ಆದರೆ ಬಳಸಿದ ಗಾಡಿಗಳ ಪೇಟೆಯಲ್ಲಿ ಮರದ ಚೌಕಟ್ಟಿನವು ಇನ್ನೂ ಹೇರಳ.

ಗೋಡೆಯೂ ಚಾವಣಿಯೂ ಕೂಡುವ ಅಂಚಿನಲ್ಲಿ ಒಂದು ಅಲ್ಯೂಮಿನಿಯಂ ಪಟ್ಟಿಯನ್ನಿಟ್ಟು, ಸಾಲಾಗಿ ತಿರುಪುಮೊಳೆಗಳನ್ನು ತಗಡಿನ ಮೂಲಕ ಮರಕ್ಕೆ ಇಳಿಸಿರುತ್ತಾರೆ. ಪಟ್ಟಿಯ ಕೆಳಗೆ ಮ್ಯಾಸ್ಟಿಕ್ ಎಂಬ ಮೇಣದಂಥ ಅಂಟು. ನೀರನ್ನು ಹೊರಗಿಡುವುದು ತಗಡಲ್ಲ, ಪಟ್ಟಿಯಲ್ಲ, ಆ ಅಂಟು. ವರ್ಷಗಳು ಕಳೆದಂತೆ ಅದು ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಗಾಡಿ ರಸ್ತೆಯಲ್ಲಿ ಓಡುವಾಗ ಇಡೀ ಮೈ ಕುಲುಕಾಡುವುದರಿಂದ ಬಿರುಕು ಹಿಗ್ಗುತ್ತದೆ. ಒಂದೊಂದು ತಿರುಪುಮೊಳೆಯ ರಂಧ್ರವೂ ಆಗ ಮರದೊಳಕ್ಕೆ ನೀರಿಳಿಸುವ ಕಾಲುವೆಯಾಗುತ್ತದೆ. ಒಳಗೆ ಹೋದ ನೀರಿಗೆ ಹೊರಬರುವ ದಾರಿಯಿಲ್ಲ. ಒಂದು ಪಕ್ಕದಲ್ಲಿ ಗಾಳಿ ಹೋಗದ ತಗಡು, ಇನ್ನೊಂದು ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ ಗೋಡೆಕಾಗದ. ನಡುವೆ ಮರವು ವರ್ಷಾನುಗಟ್ಟಲೆ ತೊಯ್ದೇ ಇರುತ್ತದೆ.

ಮರ ಕೊಳೆಯುವುದು ನೀರಿನಿಂದಲ್ಲ, ನೀರನ್ನು ಆಶ್ರಯಿಸಿ ಬೆಳೆಯುವ ಶಿಲೀಂಧ್ರದಿಂದ. ಒಣಮರದ ತೂಕಕ್ಕೆ ಹೋಲಿಸಿದಾಗ ಅದರಲ್ಲಿರುವ ನೀರಿನ ತೂಕ ನೂರಕ್ಕೆ ೨೦ಕ್ಕಿಂತ ಕಡಿಮೆಯಿದ್ದರೆ ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. ೩೦ರ ಸಮೀಪಕ್ಕೆ ಬಂದಾಗ ಮರದ ನಾರುಗಳು ಹೀರಬಹುದಾದಷ್ಟನ್ನು ಹೀರಿ ತಣಿದಿರುತ್ತವೆ. ಅದೇ ಶಿಲೀಂಧ್ರಕ್ಕೆ ಸುಗ್ಗಿ. ಅದು ನಾರಿನಲ್ಲಿರುವ ಸೆಲ್ಯುಲೋಸನ್ನು ತಿಂದು ಲಿಗ್ನಿನ್ ಎಂಬ ಕಂದು ಅಂಶವನ್ನು ಬಿಡುತ್ತದೆ. ಮರವು ಚೌಕ ಚೌಕವಾಗಿ ಬಿರಿದು, ಬೆರಳ ನಡುವೆ ನಶ್ಯದಂತೆ ಪುಡಿಯಾಗುತ್ತದೆ. ಹಾಗೆ ಕುಂಬಾದ ಮರವನ್ನು ಎಷ್ಟು ಒಣಗಿಸಿದರೂ ಅದರ ಬಲ ಮರಳುವುದಿಲ್ಲ.

ತೇವವನ್ನು ಅಳೆಯಲು ಅಲ್ಲಿ ಒಂದು ಚಿಕ್ಕ ಮಾಪಕ ಸಿಗುತ್ತದೆ. ಅದರ ಎರಡು ಸೂಜಿಗಳನ್ನು ಗೋಡೆಗೆ ಒತ್ತಿದರೆ ಅವುಗಳ ನಡುವೆ ಹರಿಯುವ ವಿದ್ಯುತ್ತಿನ ಪ್ರಮಾಣದಿಂದ ತೇವವೆಷ್ಟೆಂದು ತೋರಿಸುತ್ತದೆ. ೧೫ರವರೆಗೆ ಚಿಂತೆಯಿಲ್ಲ, ೧೫ರಿಂದ ೨೦ರ ನಡುವೆ ಇದ್ದರೆ ಕಣ್ಣಿಟ್ಟಿರಬೇಕು, ೨೦ನ್ನು ದಾಟಿದರೆ ಹುಡುಕಬೇಕು, ೩೦ನ್ನು ದಾಟಿದರೆ ಮರ ಹೋಗಿದೆಯೆಂದೇ ಬಗೆಯಬಹುದು. ಲೋಹದ ಮೊಳೆಯ ಮೇಲೆ ಒತ್ತಿದರೆ ಸುಳ್ಳು ಹೇಳುತ್ತದೆ. ಆದುದರಿಂದ ಒಂದೇ ಅಂಕಿಯನ್ನು ನಂಬದೆ ಅಕ್ಕಪಕ್ಕದ ಅಂಕಿಗಳೊಡನೆ ಹೋಲಿಸಬೇಕು. ಬ್ರಿಟನ್ನಿನಲ್ಲಿ ಹಳೆಯ ವಾಹನಗಳಿಗೆ ವರ್ಷಕ್ಕೊಮ್ಮೆ ಸರ್ಕಾರಿ ಪರೀಕ್ಷೆ ಕಡ್ಡಾಯವಾಗಿದೆ. ಅದು ರಸ್ತೆಯ ಸುರಕ್ಷತೆಯನ್ನು ನೋಡುತ್ತದೆಯೇ ಹೊರತು ವಾಸದ ಕೋಣೆಯ ಗೋಡೆಗೆ ಸೂಜಿ ಚುಚ್ಚಿ ನೋಡುವುದಿಲ್ಲ. ಆ ಪರೀಕ್ಷೆಯ ಪತ್ರವನ್ನು ಗಾಡಿಯ ಸಮಗ್ರ ಆರೋಗ್ಯಪತ್ರವೆಂದು ತಿಳಿದು ನಮ್ಮ ಹುಡುಗ ಮೋಸಹೋದ. ವಾಸದ ಭಾಗವನ್ನು ಪರೀಕ್ಷಿಸುವ ಕುಶಲಿಗಳು ಬೇರೆಯೇ ಇದ್ದಾರೆ; ಕೊಳ್ಳುವ ಮುನ್ನ ಹಣ ಕೊಟ್ಟು ಅವರನ್ನು ಕರೆಸಬೇಕಾಗಿತ್ತು.

ಮೇ ಕೊನೆಯಲ್ಲಿ ಮಾಪಕ ಬಂತು. ಬಾಗಿಲ ಬಳಿಯ ನೆಲ ೨೮. ಅಟ್ಟದ ಬಲಮೂಲೆ ೩೫. ಹೊಸ ಕಾಗದವನ್ನು ಸುಲಿದಾಗ ಪ್ಲೈವುಡ್ಡು ಕಾಗದದೊಡನೆಯೇ ಕೈಗೆ ಬಂತು. ಅದರ ಹಿಂದೆ ರೀಪು ಇರಬೇಕಾದ ಜಾಗದಲ್ಲಿ ಕಪ್ಪು ಕಸವಿತ್ತು. ಅಟ್ಟದ ಹಾಸಿಗೆಯನ್ನು ಹೊತ್ತಿದ್ದ ಅಡ್ಡಮರಕ್ಕೆ ಹುಡುಗ ದಬ್ಬಣವನ್ನು ಒತ್ತಿದ. ಬೆಣ್ಣೆಯಲ್ಲಿ ಇಳಿದಂತೆ ಹಿಡಿಯವರೆಗೆ ಇಳಿಯಿತು. ಒಂಬತ್ತು ಮತ್ತು ಆರು ವರ್ಷದ ಎರಡು ಮಕ್ಕಳು ಆ ಮರದ ಮೇಲೆ ಮಲಗಬೇಕಾಗಿತ್ತು. ಅವನ ಪತ್ನಿ ಏನನ್ನೂ ಹೇಳಲಿಲ್ಲ. ಅವಳು ಅಂದು ಬೈದಿದ್ದರೆ ಮನೆಯವರೆಲ್ಲರಿಗೂ ಹಗುರವಾಗುತ್ತಿತ್ತು.

ಮಾರಿದವರನ್ನು ಕೇಳಲಾಗಿ, ನೋಡಿ ಕೊಂಡಿರಿ, ಮುಗಿಯಿತು ಎಂದರು. ವ್ಯಾಪಾರಿಯಿಂದ ಕೊಂಡಿದ್ದರೆ ೨೦೧೫ರ ಗ್ರಾಹಕ ಹಕ್ಕುಗಳ ಕಾಯಿದೆಯ ಆಸರೆಯಿರುತ್ತಿತ್ತು. ಖಾಸಗಿ ಮಾರಾಟಕ್ಕೆ ಆ ರಕ್ಷಣೆ ಬಹಳ ಕಡಿಮೆ. ವಾಸನೆಯ ಬಗ್ಗೆ ಆಡಿದ ಮಾತಿಗೆ ಬರಹದ ಸಾಕ್ಷಿಯೂ ಇರಲಿಲ್ಲ. ಆ ದಾರಿಯನ್ನು ಬಿಟ್ಟು ದುರಸ್ತಿಗೆ ತೊಡಗುವುದೇ ಸರಿಯೆಂದು ನಮಗೂ ತೋರಿತು.

ಮೊದಲ ದುರಸ್ತಿ ಆತುರದ್ದಾಯಿತು. ಜುಲೈ ಕೊನೆಯಲ್ಲಿ ಶಾಲೆಗೆ ಬೇಸಿಗೆ ರಜೆ ಬರುತ್ತದೆ, ಅಷ್ಟರಲ್ಲಿ ಗಾಡಿ ಸಿದ್ಧವಾಗಬೇಕೆಂಬುದು ಹುಡುಗನ ಹಟ. ಅಟ್ಟದ ಕಿಟಕಿಯ ಸುತ್ತ ಕಲೆಯಿದ್ದುದರಿಂದ ನೀರು ಬಂದದ್ದು ಅಲ್ಲಿಂದಲೇ ಎಂದು ನಿರ್ಧರಿಸಿ, ಹಳೆಯ ಅಂಟಿನ ಮೇಲೆಯೇ ಸಿಲಿಕೋನ್ ಬಳಿದ. ಕೊಳೆತ ರೀಪುಗಳನ್ನು ಕಿತ್ತು, ಎಂಟು ದಿನ ಫ್ಯಾನು ಹಾಕಿ, ಹೊಸ ಪ್ಲೈವುಡ್ ಹೊಡೆದ. ಜುಲೈ ತಿಂಗಳಿಡೀ ಮಾಪಕ ೧೩, ೧೪ ಎಂದೇ ತೋರಿಸಿತು. ನಾವೆಲ್ಲರೂ ಹಿಗ್ಗಿದೆವು. ಆದರೆ ಅದು ೨೦೨೨ರ ಜುಲೈ! ಆ ತಿಂಗಳ ೧೯ರಂದು ಲಿಂಕನ್‌ಷೈರಿನ ಕನಿಂಗ್ಸ್‌ಬಿಯಲ್ಲಿ ತಾಪಮಾನ ೪೦.೩ ಡಿಗ್ರಿ ಸೆಲ್ಷಿಯಸ್ ಮುಟ್ಟಿತು. ಬ್ರಿಟನ್ನಿನ ಇತಿಹಾಸದಲ್ಲಿ ಅಲ್ಲಿಯವರೆಗೆ ಅಂಥ ಬಿಸಿ ದಾಖಲಾಗಿರಲಿಲ್ಲ. ಆಗಸ್ಟಿನಲ್ಲಿ ಇಂಗ್ಲೆಂಡಿನ ಹಲವು ಭಾಗಗಳಲ್ಲಿ ಬರಗಾಲವನ್ನೇ ಸಾರಿದರು. ಮಳೆಯೇ ಬಾರದ ಕಾಲದಲ್ಲಿ ಸೋರದ ಮಾಡನ್ನು ಕಂಡು ನಾವು ಬೀಗಿದೆವು. ರಜೆಯಲ್ಲಿ ಅವನ ಕಚೇರಿಯ ಕೆಲಸ ಬಿಡುವು ಕೊಡದೆ ಪ್ರವಾಸ ಮುಂದಕ್ಕೆ ಹೋಯಿತು. ಅದೂ ಒಂದು ಪುಣ್ಯವೆಂದೇ ಈಗ ತೋರುತ್ತದೆ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಮಳೆ ಹಿಡಿಯಿತು. ಮೂರನೆಯ ದಿನ ಅಟ್ಟದ ಬಲಮೂಲೆ ೨೬ ತೋರಿಸಿತು.

ಈ ಹಂತದಲ್ಲಿ ನಮ್ಮದೂ ಒಂದು ಅಲ್ಪ ಸೇವೆ ಸಂದಿತು. ಉಳಿ ಬೈರಿಗೆ ಹಿಡಿದು ಅಭ್ಯಾಸವಿಲ್ಲದ ನಾವು ಮೊದಲಿನಿಂದಲೂ ಒಂದು ನೋಟುಪುಸ್ತಕದಲ್ಲಿ ಗಾಡಿಯ ಚಿತ್ರ ಬರೆದು, ಹನ್ನೆರಡು ಕಡೆಗಳ ಅಂಕಿಗಳನ್ನು ತಾರೀಖಿನೊಡನೆ ಗುರುತಿಸುತ್ತಿದ್ದೆವು. ಹಸ್ತಪ್ರತಿಗಳ ಪಾಠಾಂತರ ಬರೆದು ಬೆಳೆದವನಿಗೆ ಇದೇನೂ ಕಷ್ಟವಲ್ಲ. ಪುಟ ತಿರುವಿ ನೋಡಿದಾಗ ಕಿಟಕಿಯ ಕೆಳಗಿನ ಅಂಕಿ ಮಳೆಯಲ್ಲೂ ೧೫ನ್ನು ದಾಟಿರಲಿಲ್ಲ. ಅದಕ್ಕಿಂತ ಎರಡು ಗೇಣು ಮೇಲೆ, ಚಾವಣಿಯ ಅಂಚಿನಲ್ಲಿ ೩೧ ಇತ್ತು. ನೀರು ಒಳಹೊಕ್ಕದ್ದು ಅಂಚುಪಟ್ಟಿಯ ತಿರುಪುಗಳಲ್ಲಿ. ರೀಪಿನ ಗುಂಟ ಇಳಿದು ಮೂಲೆಯಲ್ಲಿ ನಿಂತು, ಅಲ್ಲಿಂದ ಕಿಟಕಿಯ ಬಳಿ ಕಲೆಯಾಗಿ ಕಾಣಿಸಿಕೊಂಡಿತ್ತು. ಬಾಗಿಲ ಬಳಿಯ ನೆಲಕ್ಕೂ ಅದೇ ಪಟ್ಟಿಯ ಹಿಂತುದಿಯಿಂದ ಗೋಡೆಯೊಳಗೆ ಇಳಿದ ನೀರೇ ಕಾರಣ. ಕಂಡ ಕಲೆಗೆ ಮದ್ದು ಹಚ್ಚಿದ್ದೆವು. ಗಾಯ ಬೇರೆಡೆ ಇತ್ತು.

ಎರಡನೆಯ ಬಾರಿಗೆ ಹುಡುಗ ಒಬ್ಬನೇ ಇಳಿಯಲಿಲ್ಲ. ಬೀದಿಯ ಕೊನೆಯಲ್ಲಿ ದೋಣಿ ಕಟ್ಟುವ ಕಸುಬಿನಿಂದ ನಿವೃತ್ತರಾದ ಮುದುಕರೊಬ್ಬರಿದ್ದರು. ಅವರು ಬಂದು, ಮಾಪಕವನ್ನು ಕೇಳದೆ, ಹಿತ್ತಾಳೆ ಹಿಡಿಯ ತಿರುಪುಳಿಯಿಂದ ಗೋಡೆಯನ್ನು ಮೆಲ್ಲಗೆ ತಟ್ಟುತ್ತ ಹೋದರು. ಗಟ್ಟಿ ಮರವಿದ್ದಲ್ಲಿ ಒಂದು ದನಿ, ಕೊಳೆತಲ್ಲಿ ಇನ್ನೊಂದು. ಮಠದ ಹಳೆಯ ತೊಲೆಗಳನ್ನು ನಮ್ಮೂರ ಬಡಿಗರು ಹಾಗೆಯೇ ತಟ್ಟಿ ನೋಡುತ್ತಿದ್ದುದು ನಮಗೆ ನೆನಪಾಯಿತು. ಭಾಷೆ ಪೂರ್ತಿ ತಿಳಿಯದಿದ್ದರೂ ಆ ತಟ್ಟುವಿಕೆಯನ್ನು ನಾವು ಬಲ್ಲೆವು.

ಅವರು ಹೇಳಿದ ಕ್ರಮ ಹೀಗಿತ್ತು. ಗಾಡಿಯನ್ನು ಮೊದಲು ಸೂರಿನ ಕೆಳಗೆ ಸಾಗಿಸುವುದು. ಪರಿಚಿತ ರೈತರೊಬ್ಬರ ಕೊಟ್ಟಿಗೆ ಸಿಕ್ಕಿತು. ಅನಿಲದ ಸಿಲಿಂಡರನ್ನು ತೆಗೆದಿಟ್ಟು, ಬ್ಯಾಟರಿಯ ತಂತಿ ಬಿಡಿಸಿ, ಗೋಡೆಯೊಳಗೆ ವಿದ್ಯುತ್ ತಂತಿಗಳು ಎಲ್ಲಿ ಓಡುತ್ತವೆಂದು ಗುರುತಿಸಿಕೊಳ್ಳದೆ ಗರಗಸ ಮುಟ್ಟಬಾರದು. ಅಟ್ಟಕ್ಕೆ ಒಳಗಿನಿಂದ ಊರೆ ಕೊಟ್ಟು, ಇಡೀ ಅಂಚುಪಟ್ಟಿಯನ್ನು ಬಿಚ್ಚಬೇಕು. ತಿರುಪುಮೊಳೆಗಳಲ್ಲಿ ಅರ್ಧಕ್ಕರ್ಧ ತುಕ್ಕು ಹಿಡಿದು ತಲೆ ಮುರಿದವು. ಹಳೆಯ ಮ್ಯಾಸ್ಟಿಕ್ಕನ್ನು ಪ್ಲಾಸ್ಟಿಕ್ ಪಟ್ಟಿಯಿಂದಲೇ ಕೆರೆಯಬೇಕು, ಕಬ್ಬಿಣದಿಂದ ಕೆರೆದರೆ ಅಲ್ಯೂಮಿನಿಯಂ ಗೀಚಿಹೋಗುತ್ತದೆ. ಜೂನಿನಲ್ಲಿ ಬಳಿದ ಸಿಲಿಕೋನನ್ನು ತೆಗೆಯಲು ನಾಲ್ಕು ದಿನ ಬೇಕಾಯಿತು. ಅದರ ಪಸೆ ಉಳಿದಲ್ಲಿ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ. ಅವಸರದಲ್ಲಿ ಅರ್ಧ ಗಂಟೆಯಲ್ಲಿ ಬಳಿದದ್ದು!

ಕೊಳೆತ ಮರವನ್ನು ಕೊಳೆತಲ್ಲಿಗೆ ಕತ್ತರಿಸಿದರೆ ಸಾಲದು. ಶಿಲೀಂಧ್ರದ ಎಳೆಗಳು ಕಣ್ಣಿಗೆ ಗಟ್ಟಿಯಾಗಿ ಕಾಣುವ ಮರದೊಳಕ್ಕೂ ಚಾಚಿರುತ್ತವೆ; ಆದ್ದರಿಂದ ದಬ್ಬಣ ಇಳಿಯದ ಜಾಗದಿಂದಲೂ ಒಂದು ಗೇಣು ಮುಂದೆ ಹೋಗಿ ಕತ್ತರಿಸಿದರು. ಉಳಿದ ಮರಕ್ಕೆ ಬೋರಾನ್ ದ್ರಾವಣವನ್ನು ಎರಡು ಸಲ ಕುಡಿಸಿದರು. ಆಮೇಲೆ ಒಣಗಿಸುವ ಕೆಲಸ. ಹುಡುಗ ಬಿಸಿಗಾಳಿಯ ಯಂತ್ರ ತರಹೊರಟಾಗ ಮುದುಕರೂ ನಾವೂ ಒಂದೇ ಬಾರಿಗೆ ಕೈಯೆತ್ತಿ ತಡೆದೆವು. ನೆನೆದ ಓಲೆಗರಿಯ ಕಟ್ಟನ್ನು ಬಿಸಿಲಿಗೆ ಹರಡಿದರೆ ಗರಿ ಸುರುಳಿ ಸುತ್ತಿ ಸೀಳುತ್ತದೆ, ನೆರಳಿನಲ್ಲಿ ಗಾಳಿಗೆ ಬಿಚ್ಚಿಡಬೇಕೆಂದು ಮಠದಲ್ಲಿ ನಮ್ಮ ಗುರುಗಳು ಕಲಿಸಿದ್ದರು. ಮರಕ್ಕೂ ಅದೇ ನ್ಯಾಯ. ಹೊರಮೈ ಬೇಗನೆ ಒಣಗಿ ಬಿರಿದರೂ ಒಡಲು ಹಸಿಯಾಗಿಯೇ ಇರುತ್ತದೆ. ತೇವ ಹೀರುವ ಯಂತ್ರವನ್ನು ಬಾಡಿಗೆಗೆ ತಂದು, ಗಾಡಿಯ ಕಿಂಡಿಗಳನ್ನು ಮುಚ್ಚಿ, ಹಗಲಿರುಳು ನಡೆಸಿದೆವು. ಮೊದಲ ದಿನಗಳಲ್ಲಿ ಅದರ ತೊಟ್ಟಿ ದಿನಕ್ಕೆರಡು ಸಲ ತುಂಬುತ್ತಿತ್ತು. ೨೬ ಇದ್ದದ್ದು ೧೪ಕ್ಕೆ ಇಳಿಯಲು ಇಪ್ಪತ್ತಮೂರು ದಿನ ಹಿಡಿಯಿತು. ಈ ಕಾಯುವಿಕೆಯೇ ಇಡೀ ಕೆಲಸದಲ್ಲಿ ಕಠಿಣವಾದದ್ದು. ಕೈಗೆ ಕೆಲಸವಿಲ್ಲ, ಬಾಡಿಗೆ ಏರುತ್ತಿದೆ, ಹೊರಗೆ ಮಳೆ. ಹುಡುಗ ದಿನವೂ ಸಂಜೆ ಬಂದು ನಮ್ಮ ಪುಸ್ತಕವನ್ನು ನೋಡಿ ಮಾತಿಲ್ಲದೆ ಹೋಗುತ್ತಿದ್ದ.

ಹೊಸ ರೀಪನ್ನು ಹಳೆಯದಕ್ಕೆ ಕೂಡಿಸುವಾಗ ತುದಿಗೆ ತುದಿ ಇಟ್ಟು ಮೊಳೆ ಹೊಡೆಯಲಿಲ್ಲ. ಎರಡರ ತುದಿಗಳನ್ನೂ ಓರೆಯಾಗಿ, ದಪ್ಪ ಒಂದಾದರೆ ಓರೆ ಎಂಟಾಗುವಂತೆ ಕೆತ್ತಿ, ಅಂಟು ಹಚ್ಚಿ ಬಿಗಿದರು. ದೋಣಿಯವರ ಜೋಡಣೆ ಇದು. ಮೇಲೆ ಬೀಳುವ ಭಾರ ಉದ್ದವಾದ ಅಂಟಿನ ಮೈಗೆ ಹಂಚಿಹೋಗುತ್ತದೆ. ಮರದ ಅಡ್ಡಗೊಯ್ತದ ತುದಿಗಳು ಪಕ್ಕದ ಮೈಗಿಂತ ಬಹಳ ಬೇಗ ನೀರು ಕುಡಿಯುತ್ತವೆಂದು ಒಂದೊಂದು ತುದಿಗೂ ಎಪಾಕ್ಸಿ ಬಳಿದರು. ನಮ್ಮ ತೊಟ್ಟಿಮನೆಗಳ ಮರದ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಅಡಿಗಲ್ಲ ಮೇಲೆ ನಿಲ್ಲಿಸುವುದು ಏಕೆಂದು ವಾಚಕರಿಗೆ ಈಗ ಹೊಳೆದೀತು. ಹಾಸಿಗೆಯ ಅಡ್ಡಮರವನ್ನು ಮಾತ್ರ ತೇಪೆ ಹಾಕದೆ ಪೂರ್ತಿ ಬದಲಾಯಿಸಿದರು. ಕೊಳೆತ ಮರಕ್ಕೆ ಸುರಿದು ಗಟ್ಟಿಮಾಡುವ ದ್ರಾವಣಗಳು ಪೇಟೆಯಲ್ಲುಂಟು. ಕಿಟಕಿಯ ಅಂಚಿಗೆ ಅವು ಸಾಕಾದೀತು, ಮನುಷ್ಯರ ಭಾರ ಹೊರುವ ಮರಕ್ಕೆ ಬೇಡವೇ ಬೇಡ ಎಂಬುದು ಮುದುಕರ ಮತ, ನಮ್ಮದೂ ಅದೇ.

ನೆಲದ ವಿಚಾರದಲ್ಲಿ ಎರಡು ಬಗೆಯ ರೋಗವಿತ್ತು. ಬಾಗಿಲ ಬಳಿ ಮೊಳದಷ್ಟು ಜಾಗ ಕೊಳೆತಿತ್ತು; ಅದನ್ನು ಕೊಯ್ದು ತೆಗೆದು ನೀರು ತಾಳುವ ಪ್ಲೈವುಡ್ ಕೂರಿಸಿದರು. ಅದರಾಚೆ ಮರ ಗಟ್ಟಿಯಾಗಿಯೇ ಇದ್ದು, ಪ್ಲೈವುಡ್ಡಿಗೂ ಥರ್ಮೋಕೋಲಿಗೂ ನಡುವಿನ ಅಂಟು ಮಾತ್ರ ಬಿಟ್ಟಿತ್ತು. ಅಲ್ಲಿ ಸುಮಾರು ನಾಲ್ಕಂಗುಲಕ್ಕೊಂದರಂತೆ ಸಣ್ಣ ರಂಧ್ರ ಕೊರೆದು, ಎರಡು ದ್ರವ ಬೆರೆಸಿದ ರಾಳವನ್ನು ಪಿಚಕಾರಿಯಿಂದ ತುಂಬಿ, ಮೇಲೆ ಹಲಗೆಯಿಟ್ಟು ಭಾರ ಹೇರಿದರು. ಭಾರವಾಗಿ ಕೂತದ್ದು ನಾವು ಭಾರತದಿಂದ ಒಯ್ದಿದ್ದ ಪುಸ್ತಕಗಳ ಪೆಟ್ಟಿಗೆ. ಕುಳಿತುಕೊಳ್ಳುವ ಪೀಠಗಳ ಸುರಕ್ಷಾಪಟ್ಟಿಯ ಬೋಲ್ಟುಗಳು ನೆಲದ ಇನ್ನೊಂದು ಭಾಗದಲ್ಲಿದ್ದವು. ಅವನ್ನು ನಮ್ಮವರಾರೂ ಮುಟ್ಟಲಿಲ್ಲ. ವಾಹನದ ಕಾರ್ಯಾಗಾರದವರಿಂದ ಹಣ ಕೊಟ್ಟು ಪರೀಕ್ಷೆ ಮಾಡಿಸಲಾಯಿತು.

ಕೊನೆಗೆ ಥರ್ಮೋಕೋಲ್ ತುಂಬಿ, ಪ್ಲೈವುಡ್ ಅಂಟಿಸಿ, ಅಂಚುಪಟ್ಟಿಯ ಕೆಳಗೆ ಬ್ಯುಟೈಲ್ ಎಂಬ ಸದಾ ಮೆತ್ತಗಿರುವ ಹೊಸ ಅಂಟುಪಟ್ಟಿಯನ್ನಿಟ್ಟು ತುಕ್ಕು ಹಿಡಿಯದ ಉಕ್ಕಿನ ತಿರುಪುಗಳಿಂದ ಬಿಗಿದರು. ಅಂಟು ಅಂಚಿನುದ್ದಕ್ಕೂ ಹೊರಗೆ ಉಕ್ಕಿತು. ಹಾಗೆ ಉಕ್ಕಿದರೇ ಒಳಗೆ ಖಾಲಿಯಿಲ್ಲವೆಂದು ಅರ್ಥ. ಗೋಡೆಕಾಗದ ಅಂಟಿಸಲು ಹುಡುಗನ ಪತ್ನಿ ಒಪ್ಪಲಿಲ್ಲ. ಮಳೆಯೊಂದು ಹೋಗಲಿ, ಬರಿಯ ಹಲಗೆ ಕಾಣಲಿ ಎಂದಳು. ಈ ಸಲ ಅವಳ ಮಾತು ನಡೆಯಿತು.

ಕೊಟ್ಟಿಗೆಯಿಂದ ಹೊರತಂದ ಗಾಡಿಯ ಮೇಲೆ ಮುದುಕರು ತೋಟದ ನೀರಿನ ಕೊಳವೆಯನ್ನು ಒಂದು ಗಂಟೆ ಹಿಡಿದರು. ಅಂಕಿ ಏರಲಿಲ್ಲ. ಆದರೂ ಗಾಳಿಯೊಡನೆ ಬರುವ ಮಳೆಯೇ ಬೇರೆಯೆಂದು ಅವರೇ ಎಚ್ಚರಿಸಿದರು.

ಅಕ್ಟೋಬರ್ ಕೊನೆಯ ವಾರದ ಶಾಲಾ ರಜೆಯಲ್ಲಿ ವಿಟ್‌ಬಿಗೆ ಹೊರಟೆವು. ಪೂರ್ವ ಕಡಲ ದಡದ ಚಿಕ್ಕ ಊರು ಅದು. ಹಿಂದೆ ಮರದ ಹಡಗುಗಳನ್ನು ಕಟ್ಟುತ್ತಿದ್ದ ಸ್ಥಳ. ಕ್ಯಾಪ್ಟನ್ ಕುಕ್ಕನು ದಕ್ಷಿಣ ಸಾಗರಕ್ಕೆ ಒಯ್ದ ಎಂಡೆವರ್ ಹಡಗು ಅಲ್ಲಿಯೇ ತಯಾರಾದದ್ದು. ದಿಬ್ಬದ ಮೇಲಿನ ಪುರಾತನ ಮಠದ ಅವಶೇಷಕ್ಕೆ ೧೯೯ ಮೆಟ್ಟಿಲುಗಳಿವೆ. ನಾವು ಮಕ್ಕಳೊಡನೆ ಏದುಸಿರು ಬಿಡುತ್ತ ಹತ್ತಿದೆವು. ತಮ್ಮನ ಮಡದಿ ಗಾಡಿಯಲ್ಲೇ ಉಳಿದರು. ಇಳಿದು ಬಂದಾಗ ಗಾಡಿಯ ಬಾಗಿಲನ್ನು ಕಡಲಿನ ಕಡೆಗೆ ತೆರೆದಿಟ್ಟುಕೊಂಡು, ಉಪ್ಪಿಟ್ಟಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಅಲೆಗಳನ್ನು ನೋಡುತ್ತ ಕುಳಿತಿದ್ದರು. ನಮ್ಮನ್ನು ಕಂಡು, "ಇಷ್ಟು ಬೇಗ ಬಂದುಬಿಟ್ಟಿರಾ?" ಎಂದರು.

ಅಂದಿನ ರಾತ್ರಿ ಗಾಳಿಯೆದ್ದು ಮಳೆ ಗಾಡಿಯ ಹಣೆಗೆ ಬಡಿಯತೊಡಗಿತು. ಮಕ್ಕಳಿಬ್ಬರೂ ಅಟ್ಟದಲ್ಲಿ ನಿದ್ರಿಸುತ್ತಿದ್ದರು. ನಮಗೆ ನಿದ್ರೆ ಬರಲಿಲ್ಲ. ಬೆಳಗಿನ ಜಾವ ಮೂರರ ಸುಮಾರಿಗೆ ಎದ್ದು, ಟಾರ್ಚಿಗೆ ಕೈ ಮರೆಮಾಡಿಕೊಂಡು, ಮಕ್ಕಳ ಕಾಲುಗಳ ಆಚೆ ಕೈ ಚಾಚಿ ಬಲಮೂಲೆಯ ಬರಿಯ ಹಲಗೆಗೆ ಮಾಪಕದ ಸೂಜಿಗಳನ್ನು ಒತ್ತಿದೆವು. ಅತ್ತ ಕಡೆಯ ಮಂಚದಲ್ಲಿ ಹುಡುಗನ ಪತ್ನಿಯೂ ಎಚ್ಚರವಾಗಿಯೇ ಇದ್ದಳೆಂದು ಆಗ ತಿಳಿಯಿತು.

"ಎಷ್ಟು, ದೊಡ್ಡಪ್ಪ?" ಎಂದು ಪಿಸುದನಿಯಲ್ಲಿ ಕೇಳಿದಳು.

"ಹದಿನಾಲ್ಕು" ಎಂದೆವು.

ಅವಳು ಹೊದಿಕೆಯನ್ನು ಎಳೆದುಕೊಂಡು ಮಗ್ಗುಲಾದಳು. ನಾವು ಪುಸ್ತಕ ತೆರೆದು ತಾರೀಖನ್ನೂ ಅಂಕಿಯನ್ನೂ ಬರೆದು, ಪಕ್ಕದಲ್ಲಿ 'ಮಳೆ, ಗಾಳಿ' ಎಂದು ಗುರುತು ಹಾಕಿದೆವು.